ಅಪ್ಪನ ಪದಕೋಶದಲ್ಲಿ ನನ್ನ ಕೆಲಸ

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಆಡುತ್ತಿದ್ದ ಮಾತುಗಳನ್ನು ಬೇರೆಯವರು ಕೇಳಿದ್ದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರು. ಸಾರನ್ನಕ್ಕೆ ಕೀವು, ಮಜ್ಜಿಗೆಯನ್ನಕ್ಕೆ ಭೇದಿ, ಹೀಗೆ ಸಾಗುತ್ತಿತ್ತು. ಅಪ್ಪ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪಾಠ ಹೇಳುವುದು ಸಂಬಳದ ಕೆಲಸ. ಅವರ ಪ್ರಾಣವೆಲ್ಲ ಇದ್ದದ್ದು ಅವರು ಬರೆಯುತ್ತಿದ್ದ ಪದಕೋಶದಲ್ಲಿ. ಡಾಕ್ಟರ ಬಾಯಲ್ಲಿ ಒಂದು ದೊಡ್ಡ ಪದ ಕೇಳಿ ಬೆದರಿ ಮನೆಗೆ ಬಂದವರು ತೆರೆದು ನೋಡಿದರೆ ಅದೇನೆಂದು ತಿಳಿಯಬೇಕು, ಅಂಥ ಪುಸ್ತಕ ಕನ್ನಡದಲ್ಲಿ ಬೇಕು ಅನ್ನುವುದು ಅವರ ಹಟ. ಬರೆಯಿರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಕೆಂಪು ಗಾರೆ ನೆಲದ ಮೇಲೆ ಗೋಡೆಗೆ ಒತ್ತಿ ಜೋಡಿಸಿಟ್ಟ ಮೈಸೂರುಪಾಕಿನ ಖಾಲಿ ಡಬ್ಬಗಳಲ್ಲಿ ಆ ಪದಕೋಶ ಬೆಳೆಯುತ್ತಿತ್ತು. ಒಂದು ಅಕ್ಷರಕ್ಕೆ ಒಂದು ಡಬ್ಬ. ಒಳಗಿರುತ್ತಿದ್ದದ್ದು ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು. ಒಂದು ಬದಿಯಲ್ಲಿ ಗಣಪತಿ, ಅರಿಶಿನದ ಗುರುತು, ವಧೂವರರ ಹೆಸರು, ಮಗುಚಿದರೆ ಮೂಲವ್ಯಾಧಿ.

ಅಮ್ಮನಿಗೆ ಈ ಡಬ್ಬಗಳನ್ನು ಕಂಡರೆ ಆಗುತ್ತಿರಲಿಲ್ಲ. ಒರೆಸುವಾಗ ಒಂದೊಂದನ್ನೂ ಎತ್ತಿ ಇಡಬೇಕಲ್ಲ.

"ಊರೋರ ಕಾಯಿಲೆಗೆಲ್ಲ ಅರ್ಥ ಬರೀತಾರೆ. ನಂಗೆ ಸೊಂಟ ಹಿಡ್ಕೊಂಡಿದೆ ಅಂದ್ರೆ ಅದಕ್ಕೊಂದು ಹೆಸರು ಹೇಳಿ ಸುಮ್ನಾಗ್ತಾರೆ. ಮನೆಗೆ ಮಾರಿ, ಊರಿಗೆ ಉಪಕಾರಿ."

ಆದರೆ ನನಗೆ ಆ ಡಬ್ಬಗಳು ಅಂದರೆ ಸ್ವಂತ ಆಸ್ತಿ ಇದ್ದಂತೆ, ಯಾಕೆಂದರೆ ಆ ಪುಸ್ತಕದಲ್ಲಿ ನನಗೊಂದು ಕೆಲಸವಿತ್ತು. ಮೂರನೇ ಕ್ಲಾಸಿನಲ್ಲಿದ್ದಾಗಲೋ ಏನೋ ಶುರುವಾದದ್ದು. ಸಂಜೆ ಕಾಫಿ ಆದಮೇಲೆ ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು, ನಾನು ಅವರ ಕಾಲ ಬಳಿ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಅವರು ಪದವನ್ನು ಹೇಳದೆ ಅದರ ಅರ್ಥವನ್ನು ಮಾತ್ರ ಓದುತ್ತಿದ್ದರು. ಅದು ಯಾವುದೆಂದು ನಾನು ಹೇಳಬೇಕು, ಹೆಸರು ಗೊತ್ತಿಲ್ಲದಿದ್ದರೆ ನನ್ನ ಮೈಮೇಲೆ ಆ ಜಾಗ ಮುಟ್ಟಿ ತೋರಿಸಬೇಕು. "ಯಕೃತ್ತು ಮಾಡಿದ ಪಿತ್ತರಸವನ್ನು ಕೂಡಿಟ್ಟುಕೊಂಡು, ಊಟವಾದಾಗ ಕರುಳಿಗೆ ಬಿಡುವ ಚೀಲ" ಅಂದರೆ ನನ್ನ ಕೈ ಬಲಗಡೆ ಪಕ್ಕೆಲುಬಿನ ಕೆಳಗೆ ಹೋಗುತ್ತಿತ್ತು. ಒಂದು ಕಷ್ಟದ ಪದವನ್ನು ಬಿಡಿಸಲು ಇನ್ನೊಂದು ಕಷ್ಟದ ಪದ ತರಬಾರದು ಅನ್ನುವುದು ಅಪ್ಪನ ಕಾನೂನು. ಆ ಕಾನೂನು ನಡೆಸುವ ಪೊಲೀಸು ನಾನು. ನಾನು ಹುಬ್ಬು ಗಂಟಿಕ್ಕಿದರೆ ಸಾಕು, ಅವರು ಗೀಟು ಎಳೆದು ಬೇರೆ ಥರ ಬರೆಯುತ್ತಿದ್ದರು. ನಾನು ತಲೆಯಾಡಿಸಿದರೆ ಚೀಟಿ ಡಬ್ಬಕ್ಕೆ. ಇದಕ್ಕೆ ನಾವು "ಪಾಸು ಮಾಡೋದು" ಎಂದು ಹೆಸರಿಟ್ಟಿದ್ದೆವು. ಬೇರೆ ಹುಡುಗಿಯರ ಅಪ್ಪಂದಿರು ಮಕ್ಕಳ ಪರೀಕ್ಷೆ ಪಾಸಾಗಲಿ ಎಂದು ಕಾಯುತ್ತಿದ್ದರು, ನನ್ನ ಅಪ್ಪ ನಾನು ಪಾಸು ಮಾಡಲಿ ಎಂದು ಕಾಯುತ್ತಿದ್ದರು. ಮುಂದೆ ಡಾಕ್ಟರಾಗುತ್ತೇನೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವುದೇನಿದೆ, ನನ್ನ ಮಟ್ಟಿಗೆ ಅದು ತೀರ್ಮಾನವಾಗಿದ್ದ ಸಂಗತಿ.

ನಾನು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ನಳಿನಿ ಬಂದಳು. ಅಪ್ಪನ ತಂಗಿಯ ಮಗಳು. ಅತ್ತೆಯ ಗಂಡ ತೀರಿಕೊಂಡಿದ್ದರು. ಅವರ ಊರಿನಲ್ಲಿ ಸೈನ್ಸ್ ಕಾಲೇಜು ಹೇಳಿಕೊಳ್ಳುವ ಹಾಗಿರಲಿಲ್ಲ. ಹುಡುಗಿ ಬುದ್ಧಿವಂತೆ, ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಓದಲಿ, ಮೆಡಿಕಲ್‌ಗೆ ಸಿಇಟಿ ಬರೆಯಲಿ ಎಂದು ಅಪ್ಪನೇ ಹೋಗಿ ಕರೆದುಕೊಂಡು ಬಂದರು. ಒಂದು ಟ್ರಂಕು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಕೇಳಿದ್ದಕ್ಕಷ್ಟೇ ಉತ್ತರ. ಬಂದ ದಿನವೇ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯಲು ಕೂತಳು. ಅಮ್ಮ ಬೇಡ ಅಂದರೂ ಏಳಲಿಲ್ಲ. ಅಜ್ಜಿಗಂತೂ ಮಗಳ ಮಗಳು ಎಂದರೆ ಕಣ್ಣ ಬೆಳಕು. ಮೊದಲ ವಾರದಲ್ಲೇ ಊಟಕ್ಕೆ ಅಪ್ಪನ ಬಲಗಡೆ ನಾನು ಕೂರುತ್ತಿದ್ದ ಜಾಗ ಅವಳದಾಯಿತು. ಯಾರೂ ಕಿತ್ತುಕೊಡಲಿಲ್ಲ. ಹೊಸಬಳು, ಕೇಳಿ ಹಾಕಿಸಿಕೊಳ್ಳುವುದಿಲ್ಲ, ಕೈಗೆಟಕುವ ಹಾಗೆ ಹತ್ತಿರ ಇರಲಿ ಎಂದು ಅಮ್ಮ ಅಂದರು, ಅಷ್ಟೆ. ನಾನು ಗೋಡೆಗೆ ಸರಿದೆ. ಅವಳನ್ನು ಅಕ್ಕ ಅನ್ನು ಎಂದು ಎಲ್ಲರೂ ಹೇಳಿದರು, ನಾನು ಅನ್ನಲಿಲ್ಲ. ಇವತ್ತಿಗೂ ಅನ್ನುವುದಿಲ್ಲ.

ಒಂದು ಸಂಜೆ ಅಪ್ಪ ನನಗೆ ಅಪಧಮನಿಯ ಚೀಟಿ ಓದುತ್ತಿದ್ದರು. "ಹೃದಯದಿಂದ ಶುದ್ಧ ರಕ್ತವನ್ನು ಮೈಗೆಲ್ಲ ಒಯ್ಯುವ ನಾಳ." ಅದು ಹಳೆಯ ಚೀಟಿ, ಹಿಂದೆಯೇ ನಾನು ಪಾಸು ಮಾಡಿದ್ದು, ಅಪ್ಪ ಸುಮ್ಮನೆ ಮತ್ತೊಮ್ಮೆ ನೋಡುತ್ತಿದ್ದರು. ನಳಿನಿ ಮಲ್ಲಿಗೆ ಮೊಗ್ಗು ಕಟ್ಟುತ್ತಾ ಅಡಿಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು.

"ಮಾವ, ಶ್ವಾಸಕೋಶಕ್ಕೆ ಹೋಗೋ ಅಪಧಮನೀಲಿ ಶುದ್ಧ ರಕ್ತ ಇರಲ್ಲ ಅಲ್ವಾ?"

ಅಪ್ಪ ಚೀಟಿ ಇಳಿಸಿ ಅವಳನ್ನೇ ನೋಡಿದರು. ಅವರಿಗೆ ಗೊತ್ತಿಲ್ಲದ ವಿಷಯವಲ್ಲ ಅದು. ಮಗುವಿಗೆ ಸುಲಭವಾಗಲಿ ಎಂದು ಸರಳ ಮಾಡುತ್ತಾ ಮಾಡುತ್ತಾ ತಪ್ಪು ಮಾಡಿಬಿಟ್ಟಿದ್ದರು.

"ಹೌದಲ್ಲಮ್ಮ. 'ಶುದ್ಧ' ತೆಗೀಬೇಕು. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳ, ಅಷ್ಟೇ ಸಾಕು. ನೋಡು, ಎಷ್ಟು ವರ್ಷದಿಂದ ಡಬ್ಬದಲ್ಲಿ ಕೂತಿತ್ತು ಇದು."

ಅಪ್ಪ ಗೀಟು ಎಳೆದರು. ನನ್ನ ಮೈಮೇಲೆ ಎಳೆದ ಹಾಗಾಯಿತು. ಅವತ್ತಿನಿಂದ ಕಾಫಿ ಆದಮೇಲೆ ಹೊಸ್ತಿಲಿನಿಂದ ನಳಿನಿಯನ್ನು ಕರೆದು ಎದುರಿಗೆ ಕೂರಿಸಿಕೊಳ್ಳುವುದು ಶುರುವಾಯಿತು. ಕಿಣ್ವಕ್ಕೆ ಏನು ಬರೆಯೋಣ, ಪೊರೆ ಅನ್ನೋಣವೋ ಪಟಲ ಅನ್ನೋಣವೋ, ಹೀಗೆ ಇಬ್ಬರೂ ವಾದ ಮಾಡುತ್ತಿದ್ದರು. ಸರಿಸಮ ಮಾತಾಡುತ್ತಿದ್ದರು. ನನ್ನ ಜೊತೆ ಅಪ್ಪ ಯಾವತ್ತೂ ವಾದ ಮಾಡಿರಲಿಲ್ಲ. ಅವಳಿಗೆ ಕಾಲೇಜಿನ ಟೆಸ್ಟಿನಲ್ಲಿ ಮೊದಲ ಸ್ಥಾನ ಬಂದಾಗ ವಿ.ವಿ. ಪುರಂಗೆ ಹೋಗಿ ಬಿಸಿ ಹೋಳಿಗೆ ಕಟ್ಟಿಸಿಕೊಂಡು ಬಂದರು. ತುಪ್ಪ ಹಾಕಿ ನನಗೂ ಒಂದು ಕೊಟ್ಟರು ಅನ್ನಿ. ನಾನು ಅದನ್ನು ಬಾಯಿಗಿಟ್ಟು, ಇವಳ ಹೆಸರಿನದು ಎಂದು ನೆನಪಾಗಿ, ನುಂಗಲಾರದೆ ನುಂಗಿದೆ. ಒಂದು ಸಂಜೆ ಪರಾವಲಂಬಿಯ ಚೀಟಿ ಬಂತು. "ಇನ್ನೊಂದು ಜೀವಿಯ ಮೈಮೇಲೋ ಒಳಗೋ ಇದ್ದು, ಅದರ ಆಹಾರವನ್ನೇ ತಿಂದು ಬದುಕಿ, ಅದಕ್ಕೆ ತೊಂದರೆ ಕೊಡುವ ಜೀವಿ." ಹೆಸರು ಹೇಳು ಎಂದು ಅಪ್ಪ ಕೇಳಿದಾಗ ನಾನು ನಳಿನಿಯ ಕಡೆ ನೋಡಿದೆ. ಅವಳು ತಲೆ ಬಗ್ಗಿಸಿದಳು. ಅಪ್ಪನಿಗೆ ಏನೂ ತಿಳಿಯಲಿಲ್ಲ. ಅವರಿಗೆ ದೇಹದ ಒಳಗಿನದೆಲ್ಲ ಕಾಣುತ್ತಿತ್ತು, ಮುಖ ಮಾತ್ರ ಕಾಣುತ್ತಿರಲಿಲ್ಲ.

ಇಷ್ಟಾದರೂ ಪಾಸು ಮಾಡುವ ಕೆಲಸ ನನ್ನದೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅವಳು ಬರೆಯಲಿ, ನಾನು ತಲೆಯಾಡಿಸದೆ ಡಬ್ಬಕ್ಕೆ ಹೇಗೆ ಹೋಗುತ್ತದೆ ನೋಡೋಣ. ಅದೂ ಒಂದು ದಿನ ಹೋಯಿತು. ಬಾಯಲ್ಲಿ ಜೊಲ್ಲೂರಿಸುವ ಗ್ರಂಥಿಯ ಚೀಟಿಯನ್ನು ಅಪ್ಪ ಅರ್ಧ ಓದುವಷ್ಟರಲ್ಲೇ ನಾನು ಜಂಬದಿಂದ "ಲಾಲಾಗ್ರಂಥಿ" ಅಂದೆ. ಅವರು ನಕ್ಕು ನನ್ನ ತಲೆ ನೇವರಿಸಿದರು.

"ನಿಂಗೀಗ ಎಲ್ಲಾ ಅರ್ಥ ಆಗ್ಬಿಡತ್ತೆ ಕಣೇ. ನಿನ್ನ ಕೇಳಿ ಪ್ರಯೋಜನ ಇಲ್ಲ. ಏನೂ ಗೊತ್ತಿಲ್ಲದೋರು ಯಾರಾದ್ರೂ ಬೇಕು. ಎದುರುಮನೆ ಮಗು ಶಾಲೆಯಿಂದ ಬಂದಾಗ ಕರೀತೀಯಾ?"

ಮೆಚ್ಚುಗೆಯಿಂದಲೇ ಹೇಳಿದ್ದು. ಆದರೆ ನನಗೆ ಕೇಳಿಸಿದ್ದು, ಮಣೆ ಬಿಟ್ಟು ಏಳು ಎಂದು. ತಿಳಿದವಳ ಕುರ್ಚಿಯಲ್ಲಿ ನಳಿನಿ ಕೂತಾಗಿತ್ತು, ತಿಳಿಯದವಳ ಮಣೆಗೆ ಎದುರುಮನೆ ಮಗು ಬರುವುದರಲ್ಲಿತ್ತು. ಇಷ್ಟು ವರ್ಷ ಅಪ್ಪನ ಕಾಲ ಬಳಿ ಕೂತು ಕಲಿತದ್ದೇ ನನ್ನನ್ನು ಅಲ್ಲಿಂದ ಎಬ್ಬಿಸುತ್ತಿತ್ತು. ನಾನು ಎದುರುಮನೆ ಮಗುವನ್ನು ಕರೆಯಲಿಲ್ಲ. ಮಾರನೆಯ ಸಂಜೆ ಅಪ್ಪ ಕರೆಯದೆಯೇ ನಾನೇ ಹೋಗಿ ಮಣೆ ಹಾಕಿಕೊಂಡು ಕೂತೆ. ಅಪ್ಪ ಮೂರ್ಛೆಯ ಚೀಟಿ ಓದಿದರು. "ಮಿದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಡಮೆಯಾಗಿ ಪ್ರಜ್ಞೆ ತಪ್ಪುವುದು." ಚೊಕ್ಕವಾದ ಅರ್ಥ. ನಳಿನಿ ಬರೆದದ್ದು ಎಂದು ಅಕ್ಷರ ನೋಡಿದರೇ ಗೊತ್ತಾಗುತ್ತಿತ್ತು.

"ಅರ್ಥ ಆಗ್ಲಿಲ್ಲ," ಅಂದೆ.

"ಆಗ್ಲಿಲ್ವಾ? ಎಲ್ಲಿ ಆಗ್ಲಿಲ್ಲ?"

"ಪ್ರಜ್ಞೆ ಅಂದ್ರೇನು? ಅದು ತಪ್ಪಿ ಎಲ್ಲಿಗೆ ಹೋಗತ್ತೆ?"

ಅಪ್ಪನ ಮುಖ ಅರಳಿತು. ಆ ಅರಳುವಿಕೆಯನ್ನು ನಾನು ಎಷ್ಟೋ ತಿಂಗಳಿನಿಂದ ನೋಡಿರಲಿಲ್ಲ. ಕುರ್ಚಿಯಿಂದ ಮುಂದಕ್ಕೆ ಬಾಗಿ, ನಳಿನಿಗೆ ಬೆನ್ನು ಮಾಡಿ, ನನಗೆ ಪ್ರಜ್ಞೆಯನ್ನು ಬಿಡಿಸಿ ಹೇಳಲು ಕೂತರು. ನಾನು ಬಿಡಲಿಲ್ಲ. ರಕ್ತ ಯಾಕೆ ಕಡಮೆಯಾಗುತ್ತದೆ, ಸ್ವಲ್ಪ ಹೊತ್ತು ಅಂದರೆ ಎಷ್ಟು ಹೊತ್ತು, ಬೀಳುವುದು ಮೊದಲೋ ಪ್ರಜ್ಞೆ ತಪ್ಪುವುದು ಮೊದಲೋ. ಆ ಒಂದು ಸಾಲು ಬೆಳೆದು ಬೆಳೆದು ಇಡೀ ಲಗ್ನಪತ್ರಿಕೆಯನ್ನೇ ತುಂಬಿತು. ಓದುತ್ತಾ ಹೋದರೆ ಓದುವವರಿಗೇ ಮೂರ್ಛೆ ಬರಬೇಕು, ಹಾಗಿದೆ ಅದು. ಅಚ್ಚಾದ ಪುಸ್ತಕದಲ್ಲೂ ಹಾಗೇ ಇದೆ. ನನಗೆ ಅದರ ಬಗ್ಗೆ ಸ್ವಲ್ಪವೂ ಬೇಸರವಿಲ್ಲ. ನಳಿನಿಯ ಸಾಲನ್ನು ಕೆಡಿಸಿದ್ದಕ್ಕೆ ಅವತ್ತು ರಾತ್ರಿ ನಾನು ಸುಖವಾಗಿ ನಿದ್ದೆ ಮಾಡಿದೆ.

ಹೀಗೆ ನಾನು ಅರ್ಥವಾಗದವಳಾದೆ. ಒಮ್ಮೆ ಹಿಡಿದ ವೇಷವನ್ನು ದಿನಾ ಹಾಕಬೇಕಲ್ಲ. ಯಾವುದು ಅರ್ಥವಾಗಬೇಕು ಯಾವುದು ಆಗಬಾರದು ಎಂದು ಲೆಕ್ಕ ಇಡುವುದು ಕಷ್ಟವಾಗಿ, ನಳಿನಿ ಬರೆದದ್ದು ಯಾವುದೂ ಅರ್ಥವಾಗುವುದಿಲ್ಲ ಎಂದು ಸುಲಭದ ನಿಯಮ ಮಾಡಿಕೊಂಡೆ. ಅಪ್ಪನಿಗೆ ಮೊದಮೊದಲು ಸಂತೋಷ, ಆಮೇಲೆ ಆಶ್ಚರ್ಯ, ಆಮೇಲೆ ನನ್ನ ಮೇಲೆ ಒಂದು ಥರ ಮರುಕ. ಧ್ವನಿ ಮೆತ್ತಗಾಯಿತು. "ಇರ್ಲಿ ಬಿಡು ಮಗಳೇ, ಇನ್ನೊಂದ್ಸಲ ಹೇಳ್ತೀನಿ" ಅನ್ನುತ್ತಿದ್ದರು. ಆ ಮೆತ್ತಗಿನ ದನಿಗೆ ನಾನು ಸೋತುಹೋಗಿದ್ದೆ. ಅದರ ಬೆಲೆ ಏನೆಂದು ಯೋಚಿಸಲಿಲ್ಲ. ನಳಿನಿಯ ಜೊತೆ ಅಪ್ಪ ಎಷ್ಟೇ ವಾದ ಮಾಡಲಿ, ಅವಳ ಜೊತೆ ಆ ದನಿಯಲ್ಲಿ ಒಂದು ದಿನವೂ ಮಾತಾಡಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಜ್ಜಿ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿ ಬಂದರು. ಹಜಾರದಲ್ಲಿ ಕಾಲು ಚಾಚಿ ಕೂತು ನನ್ನನ್ನು ಕರೆದರು.

"ಅದೇನೋ ಮೃದ್ವಸ್ಥಿ ಸವೆದಿದೆ ಅಂದ್ರು ಕಣೇ ಆ ಡಾಕ್ಟ್ರು. ಹಂಗಂದ್ರೆ ಏನು? ಇನ್ನು ನಾನು ಏಳಲ್ವೇನೋ."

"ಹಂಗೇನಿಲ್ಲ ಅಜ್ಜಿ. ನಿನ್ನ ಕಿವಿ ಮುಟ್ಟಿ ನೋಡ್ಕೋ. ಬಗ್ಗತ್ತಲ್ವಾ? ಮೂಳೆನೂ ಅಲ್ಲ, ಮಾಂಸನೂ ಅಲ್ಲ. ಅಂಥದ್ದೇ ಒಂದು ನಿನ್ನ ಮಂಡೀಲಿದೆ, ಎರಡು ಮೂಳೆ ಒಂದಕ್ಕೊಂದು ಉಜ್ಜದೇ ಇರ್ಲಿ ಅಂತ. ಇಷ್ಟು ವರ್ಷ ನಡೆದು ನಡೆದು ಅದು ತೆಳ್ಳಗಾಗಿದೆ. ಅದಕ್ಕೇ ಮೆಟ್ಲು ಹತ್ತೋವಾಗ ನೋವು."

ಅಜ್ಜಿ ಕಿವಿ ಬಗ್ಗಿಸಿ ನೋಡಿಕೊಂಡು, ಅಷ್ಟೇನಾ ಎಂದು ಸಮಾಧಾನವಾಗಿ ಕಾಲು ನೀವಿಕೊಂಡರು. ತಿರುಗಿ ನೋಡಿದರೆ ಬಾಗಿಲಲ್ಲಿ ನಳಿನಿ ನಿಂತಿದ್ದಳು. ಕಾಲೇಜಿನಿಂದ ಆಗ ತಾನೇ ಬಂದಿದ್ದಳು, ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ನಾನು ಎದ್ದು ಹಿತ್ತಲಿಗೆ ಹೋದೆ, ಅವಳೂ ಹಿಂದೆಯೇ ಬಂದಳು.

"ನಾನು ಹೇಳಿದ್ರೆ ಅಜ್ಜಿಗೆ ಅರ್ಥ ಆಗ್ತಿರ್ಲಿಲ್ಲ ಕಣೇ. ಇಷ್ಟು ಚೆನ್ನಾಗಿ ಹೇಳ್ತೀಯ, ಮಾವನ ಮುಂದೆ ಯಾಕೆ ಹಂಗಾಡ್ತೀಯ?"

"ನೀನು ಬಂದಿದ್ದಕ್ಕೆ."

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ.

"ನೋಡು, ನಂಗೆ ಅರ್ಥ ಆಗ್ಲಿಲ್ಲ ಅನ್ನೋಕೆ ಈ ಮನೇಲಿ ಧೈರ್ಯ ಇಲ್ಲ. ಗೊತ್ತಿಲ್ಲ ಅಂದ್ರೆ ಊರಿಗೆ ವಾಪಸ್ಸು. ನೀನು ಏನೂ ಗೊತ್ತಿಲ್ಲ ಅಂದ್ರೂ ನಿಂಗೆ ಕರೆದು ಊಟ ಹಾಕ್ತಾರೆ. ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರಿಯತ್ತೆ ಗೊತ್ತಾ?"

ಬೇರೆ ಯಾರಾದರೂ ಆಗಿದ್ದರೆ ಅವಳ ಕೈ ಹಿಡಿದುಕೊಂಡು ಅಳುತ್ತಿದ್ದರೋ ಏನೋ. ಕಥೆಗಳಲ್ಲಿ ಹಾಗೆ ಆಗುತ್ತದೆ. ನನಗೆ ಅನಿಸಿದ್ದೇ ಬೇರೆ. ಇವಳಿಗೆ ಹೇಳಿಕೊಳ್ಳಲು ನ್ಯಾಯವಾದ ಒಂದು ದುಃಖವಾದರೂ ಇದೆ, ಯಾರ ಮುಂದೆ ಹೇಳಿದರೂ ಅಯ್ಯೋ ಪಾಪ ಅನ್ನುತ್ತಾರೆ. ನನ್ನದನ್ನು ಹೇಳಿದರೆ ಎಲ್ಲರೂ ನನ್ನನ್ನೇ ಬೈಯುತ್ತಾರೆ. ಹೊಟ್ಟೆಕಿಚ್ಚಿನಲ್ಲೂ ಅವಳದೇ ಮೇಲಿನ ದರ್ಜೆ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಅಪ್ಪನಿಗೆ ಹೇಳಿದರೆ ನೋಡು ಎಂದು ಹೆದರಿಸಿ ಒಳಗೆ ಬಂದೆ. ಅವಳು ಆಗ ಹೇಳಲಿಲ್ಲ.

ಪದಕೋಶ ಎಷ್ಟೋ ವರ್ಷ ಕಳೆದು, ನಳಿನಿ ಡಾಕ್ಟರಾಗಿ ಮಲ್ಲೇಶ್ವರದಲ್ಲಿ ತನ್ನದೇ ಕ್ಲಿನಿಕ್ ಇಟ್ಟ ಮೇಲೆ ಅಚ್ಚಾಯಿತು. ಮುನ್ನುಡಿಯ ಕೊನೆಯಲ್ಲಿ ಅಪ್ಪ ಇಬ್ಬರನ್ನೂ ನೆನೆದಿದ್ದಾರೆ. ಅವಳ ಹೆಸರು ಮೊದಲು, ಡಿಗ್ರಿಗಳ ಸಮೇತ. "ಅರ್ಥಗಳನ್ನು ತಿದ್ದಿದ ಸೋದರಸೊಸೆ" ಎಂದು. ಅದರ ಕೆಳಗೆ, "ಅರ್ಥವಾಗದಿದ್ದಾಗ ಅರ್ಥವಾಗಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿದ ನನ್ನ ಮಗಳು." ಹೆಸರಿಲ್ಲ. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಜೊತೆಯವರು ಆ ಪುಸ್ತಕ ಕೇಳಿದಾಗ ಕೊಟ್ಟಿದ್ದೇನೆ, ಆ ಪುಟ ತೆಗೆದು ತೋರಿಸಿಲ್ಲ. ಪ್ರಾಮಾಣಿಕವಾಗಿ ಅನ್ನುವ ಮಾತಿಗಿಂತ, ಎರಡನೆಯವಳಾಗಿ ಬಂದದ್ದೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಅದೆಲ್ಲ ಆಮೇಲಿನ ಮಾತು. ಆ ವರ್ಷ ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದು, ಸ್ವಲ್ಪ ದಿನಕ್ಕೆ ಸಿಇಟಿ ರಿಸಲ್ಟೂ ಬಂತು. ನಳಿನಿಗೆ ಮೆಡಿಕಲ್ ಸೀಟು ಸಿಗುವುದು ಖಾತ್ರಿಯಾಯಿತು. ಅವತ್ತು ಭಾನುವಾರ, ಅಮ್ಮ ಪಾಯಸ ಮಾಡಿದ್ದರು. ಅಪ್ಪ ಮಾರ್ಕೆಟ್ಟಿಗೆ ಹೋಗಿ ರಸಪುರಿ ಮಾವಿನಹಣ್ಣು ತಂದು, ತಾವೇ ಹೆಚ್ಚಿ, ಬೋಗುಣಿಯಲ್ಲಿ ಮುಂದಿಟ್ಟುಕೊಂಡು ಊಟಕ್ಕೆ ಕೂತಿದ್ದರು. ನಳಿನಿ ಅವರ ಬಲಗಡೆ, ನಾನು ಗೋಡೆಯ ಬಳಿ, ಅಜ್ಜಿ ಕುರ್ಚಿಯಲ್ಲಿ, ಅಮ್ಮ ಬಡಿಸುತ್ತಾ. ನನಗೂ ಚೆನ್ನಾಗಿಯೇ ಮಾರ್ಕ್ಸ್ ಬಂದಿತ್ತು, ವಿಜ್ಞಾನದಲ್ಲೇ ಎಲ್ಲದಕ್ಕಿಂತ ಜಾಸ್ತಿ. ಯಾವ ಕಾಲೇಜಿನಲ್ಲಿ ಸೈನ್ಸ್ ಸಿಗುತ್ತದೆ ಎಂದು ನಾನು ಮನಸ್ಸಿನಲ್ಲೇ ಆರಿಸಿಟ್ಟುಕೊಂಡಿದ್ದೆ.

"ಇವಳನ್ನ ಆರ್ಟ್ಸಿಗೆ ಸೇರಿಸೋಣ ಅಂತಿದೀನಿ," ಅಂದರು ಅಪ್ಪ.

"ಯಾಕ್ರೀ? ಸೈನ್ಸಲ್ಲಿ ಅಷ್ಟು ಮಾರ್ಕ್ಸ್ ತೆಗೆದಿದಾಳಲ್ಲ."

"ಮಾರ್ಕ್ಸ್ ಬಾಯಿಪಾಠಕ್ಕೂ ಬರತ್ತೆ ಕಣೇ. ನಾನು ಮೇಷ್ಟ್ರಲ್ವಾ, ನಂಗೊತ್ತಿಲ್ವಾ. ವರ್ಷದ ಮೇಲಾಯ್ತು, ದಿನಾ ನೋಡ್ತಿದೀನಿ. ಸಣ್ಣ ಸಣ್ಣದಕ್ಕೂ ಒದ್ದಾಡತ್ತೆ ಮಗು. ಅಲ್ಲಿಗೆ ಕಳಿಸಿ ಹಿಂಸೆ ಯಾಕೆ ಮಾಡೋದು?"

ಅಪ್ಪನ ಮಾತಿನಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ. ಲೋಕದ ಅಪ್ಪಂದಿರೆಲ್ಲ ಮಾರ್ಕ್ಸ್ ನಂಬುತ್ತಾರೆ, ನಮ್ಮಪ್ಪ ಮಾತ್ರ ನಾನು ಗಂಟಿಕ್ಕಿದ ಹುಬ್ಬು ನಂಬಿದರು. ನಾನು ಏನೋ ಹೇಳಬೇಕು ಎಂದು ತಲೆ ಎತ್ತುವಷ್ಟರಲ್ಲಿ ನಳಿನಿ ಮಾತಾಡಿಬಿಟ್ಟಳು. ಊಟದ ಹೊತ್ತಿನಲ್ಲಿ ಯಾರೂ ಕೇಳದೆ ಅವಳು ಮಾತಾಡಿದ್ದು ಅದೇ ಮೊದಲು.

"ಮಾವ, ಅವಳಿಗೆ ಎಲ್ಲಾ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಸುಮ್ನೆ ಗೊತ್ತಿಲ್ಲ ಅಂತಾಳೆ. ಬೇಕಾದ್ರೆ ಈಗಲೇ ಕೇಳಿ ನೋಡಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನ ಕೈ ತುತ್ತಿನ ಜೊತೆ ನಿಂತಿತು. ಅವರ ಮುಖದಲ್ಲಿ ಒಂದು ಆಸೆ ಕಂಡಿತು, ಅದನ್ನು ನಾನು ಮರೆತಿಲ್ಲ.

"ಹೌದೇನೇ? ಹಂಗಾದ್ರೆ ಹೇಳು ನೋಡೋಣ. ಜೀರ್ಣ ಆಗೋದು ಅಂದ್ರೇನು?"

ಎಂಟು ವರ್ಷದ ಮಗುವಿಗೂ ಉತ್ತರ ಬರುವ ಪ್ರಶ್ನೆಯನ್ನು, ನಾನು ಗೆಲ್ಲಲಿ ಎಂದೇ ಆರಿಸಿ ಕೇಳಿದ್ದರು. ತಿಂದ ಅನ್ನವನ್ನು ಹೊಟ್ಟೆ ಮತ್ತು ಕರುಳು ಸಣ್ಣ ಸಣ್ಣ ಅಂಶಗಳಾಗಿ ಒಡೆದು, ರಕ್ತ ಹೀರಿಕೊಳ್ಳುವ ಹಾಗೆ ಮಾಡುವುದು. ನಾಲಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ. ನಳಿನಿ ನನ್ನನ್ನೇ ನೋಡುತ್ತಿದ್ದಳು, ಹೇಳು ಹೇಳು ಎಂದು ಕಣ್ಣಲ್ಲೇ ಹುರಿದುಂಬಿಸುತ್ತಾ, ಅಕ್ಕನ ಹಾಗೆ. ಹೇಳಿದರೆ ನನಗೆ ಸೈನ್ಸ್ ಸಿಗುತ್ತಿತ್ತು, ಮುಂದೆ ಡಾಕ್ಟರೂ ಆಗುತ್ತಿದ್ದೆ. ಆದರೆ ಅದನ್ನು ಕೊಡಿಸಿದವಳು ನಳಿನಿ ಎಂದಾಗುತ್ತಿತ್ತು. ನನ್ನ ಅಪ್ಪನಿಗೆ ನನ್ನನ್ನು ಅರ್ಥಮಾಡಿಸಿದವಳೂ ಅವಳೇ ಆಗುತ್ತಿದ್ದಳು.

"ಗೊತ್ತಿಲ್ಲಪ್ಪ," ಅಂದೆ.

ನಳಿನಿ ತಟ್ಟೆಗೆ ತಲೆ ಬಗ್ಗಿಸಿದಳು. ಅಪ್ಪ "ಇರ್ಲಿ ಬಿಡು ಮಗಳೇ, ಊಟ ಮಾಡು," ಅಂದರು, ಆ ಮೆತ್ತಗಿನ ದನಿಯಲ್ಲಿ. ಆಮೇಲೆ ಬೋಗುಣಿಗೆ ಕೈ ಹಾಕಿ ಒಳ್ಳೆಯ ಹೋಳೊಂದನ್ನು ಹುಡುಕಿ ತೆಗೆದು, ಪಕ್ಕದಲ್ಲೇ ಕೂತಿದ್ದ ನಳಿನಿಯನ್ನು ದಾಟಿಸಿ, ಗೋಡೆಯ ತನಕ ಕೈ ಚಾಚಿ, ಮೊದಲು ನನ್ನ ತಟ್ಟೆಗೆ ಹಾಕಿದರು. ನಾನು ಗೆದ್ದೆ ಅಂದುಕೊಂಡು ತಿಂದೆ.